ಹಳೆಯ ಟ್ರ್ಯಾಕ್ಟರ್ ಕೊಳ್ಳುವವನ ಹೊಣೆ



ಕಬ್ಬು ನುರಿಸುವ ಹಂಗಾಮು ಸಮೀಪಿಸಿತೆಂದರೆ ಶಿರೂರ ಅನಂತಪಾಳ, ನಿಲಂಗಾ, ಉದಗೀರ, ಉಮರ್ಗಾ ಭಾಗದಲ್ಲಿ ಹಳೆಯ ಟ್ರ್ಯಾಕ್ಟರು, ಟ್ರೇಲರುಗಳ ವ್ಯವಹಾರ ಜೋರಾಗುತ್ತದೆ. ಹೊಸದಕ್ಕೆ ಕೈಯಲ್ಲಿ ಹಣ ಸಾಲದು. ಹೀಗಾಗಿ ಹಿಂದಿನ ವರ್ಷದ ಕಬ್ಬಿನ ಬಿಲ್ಲನ್ನೆಲ್ಲ ಕೂಡಿಸಿ ಹಳೆಯ ಗಾಡಿಗೆ ಸುರಿಯುತ್ತೇವೆ. ಮಾರುವವನು, “ಗಾಡಿ ಇದ್ದದ್ದು ಇದ್ದಂತೆ ಕೊಡುತ್ತೇನೆ, ಆಮೇಲೆ ನನ್ನನ್ನು ಕೇಳಬೇಡಿ” ಎನ್ನುತ್ತಾನೆ. ಈ ಮಾತಿನ ಅರ್ಥವೇನು? ಕೊಂಡ ಮೇಲೆ ಯಾವ ಹೊಣೆ ಯಾರದು? ಇಂದಿನ ಪಾಠ ಇದೇ.

ನಮ್ಮ ಹಿರಿಯರು ದೇವಣಿ ಎತ್ತಿನ ಜೋಡಿ ಕೊಳ್ಳುವಾಗ ಬಾಯಿ ತೆರೆದು ಹಲ್ಲು ನೋಡುತ್ತಿದ್ದರು, ಗೊರಸು ಎತ್ತಿ ನೋಡುತ್ತಿದ್ದರು, ನೊಗ ಹೂಡಿ ನಡೆಸಿ ನೋಡುತ್ತಿದ್ದರು. ಅವರ ಮಕ್ಕಳಾದ ನಾವು ಟ್ರ್ಯಾಕ್ಟರಿನ ಹೊಸ ಬಣ್ಣ ನೋಡಿಯೇ ಸಂಚಕಾರ ಕೊಟ್ಟುಬಿಡುತ್ತೇವೆ. ನಷ್ಟದ ಬೇರು ಇಲ್ಲಿದೆ.

ಕಾಯಿದೆ ಏನು ಹೇಳುತ್ತದೆ?

1930ರ ಸರಕು ಮಾರಾಟ ಕಾಯಿದೆಯ 16ನೇ ಕಲಮಿನ ಸಾಮಾನ್ಯ ನಿಯಮ ಹೀಗಿದೆ: ಸರಕಿನ ಗುಣಮಟ್ಟಕ್ಕೆ ಮಾರುವವನು ತಾನಾಗಿಯೇ ಜಾಮೀನಲ್ಲ. ಅದೇ ವ್ಯಾಪಾರ ಮಾಡುವ ಅಂಗಡಿಕಾರನ ಮೇಲೆ ಹೆಚ್ಚಿನ ಹೊಣೆ ಉಂಟು. ಆದರೆ ನೀವು ಸರಕನ್ನು ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಅವನೂ ಹೊಣೆಯಲ್ಲ.

1872ರ ಕರಾರು ಕಾಯಿದೆಯ 17ನೇ ಕಲಮಿನಲ್ಲಿ ಒಂದು ಕುದುರೆಯ ಉದಾಹರಣೆ ಇದೆ. ಒಬ್ಬನು ರೋಗವಿರುವ ಕುದುರೆಯನ್ನು ಲಿಲಾವಿನಲ್ಲಿ ಮಾರುತ್ತಾನೆ. ದೋಷ ಅವನಿಗೆ ಗೊತ್ತು, ಆದರೆ ಸುಮ್ಮನಿರುತ್ತಾನೆ. ಇದು ಮೋಸವಲ್ಲ! ಆದರೆ ಕೊಳ್ಳುವವನು, “ನೀವು ಇಲ್ಲವೆನ್ನದಿದ್ದರೆ ಕುದುರೆ ಚೆನ್ನಾಗಿದೆಯೆಂದು ತಿಳಿಯುತ್ತೇನೆ” ಎಂದಾಗಲೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ. ಆಗ ದೋಷ ಮುಚ್ಚಿಟ್ಟದ್ದು ಮೋಸವಾಗುತ್ತದೆ.

ಮಾಳೇಗಾಂವದ ಖಂಡೋಬಾ ಜಾತ್ರೆಯ ಕುದುರೆ ಪೇಟೆ ಕಂಡ ನಮಗೆ ಈ ಉದಾಹರಣೆ ಸುಲಭವಾಗಿ ತಿಳಿಯುತ್ತದೆ. ಇದರ ಸಾರವಿಷ್ಟೆ: ನೋಡುವ ಕೆಲಸ ಕೊಳ್ಳುವವನದು, ಕೇಳುವ ಕೆಲಸವೂ ಅವನದು. ಕೇಳಿದ ಮೇಲೆ ಸುಳ್ಳು ಹೇಳಿದರೆ ತಪ್ಪು ಮಾರುವವನದು. ಒಡೆದ ಚಾಸಿಗೆ ಬೆಸುಗೆ ಹಾಕಿ, ಗೊತ್ತಾಗದಂತೆ ಬಣ್ಣ ಬಳಿದು ಮಾರಿದರೆ ಅದೂ ಮೋಸವೇ. “ಇದ್ದದ್ದು ಇದ್ದಂತೆ” ಎಂಬ ಮಾತು ಅದನ್ನು ಕಾಯುವುದಿಲ್ಲ. ಆದರೆ ಅದನ್ನು ಕೋರ್ಟಿನಲ್ಲಿ ಸಿದ್ಧಮಾಡುವ ಹೊತ್ತಿಗೆ ಹಂಗಾಮು ಮುಗಿದಿರುತ್ತದೆ. ಆದ್ದರಿಂದ ಮೊದಲೇ ನೋಡುವುದು ಲೇಸು.

ಗಾಡಿಯನ್ನು ಹೀಗೆ ನೋಡಿರಿ

1. ನಂಬಿಕೆಯ ಮಿಸ್ತ್ರಿಯನ್ನು ಕರೆದುಕೊಂಡು ಹೋಗಿರಿ. ಅವನು ಮಾರುವವನ ಮಿಸ್ತ್ರಿ ಆಗಿರಬಾರದು.
2. ಎಂಜಿನ್ ತಣ್ಣಗಿದ್ದಾಗ ಚಾಲೂ ಮಾಡಿಸಿರಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಸಂಶಯಪಡಿರಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದೆ ಬಂದು ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ನೀರು ಒಳಸೇರುತ್ತಿದೆ.
3. ಆಯಿಲ್ ಕಡ್ಡಿ ಎಳೆದು ನೋಡಿರಿ. ಆಯಿಲ್ ಹಾಲಿನಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಬೆರೆತಿದೆ.
4. ನೇಗಿಲು ಎತ್ತಿಸಿ ಎಂಜಿನ್ ನಿಲ್ಲಿಸಿರಿ. ನೋಡುತ್ತಿದ್ದಂತೆಯೇ ನೇಗಿಲು ಕುಸಿದರೆ ಹೈಡ್ರಾಲಿಕ್ ಕೆಲಸ ಬಾಕಿ ಇದೆ.
5. ಖಾಲಿ ಓಡಿಸಿ ಮೆಚ್ಚಬೇಡಿರಿ. ತುಂಬಿದ ಟ್ರೇಲರ್ ಕಟ್ಟಿ ಏರು ಹತ್ತಿಸಿರಿ. ಕ್ಲಚ್ಚು, ಗೇರು, ಬ್ರೇಕು ಆಗ ನಿಜ ಹೇಳುತ್ತವೆ.
6. ಟ್ರೇಲರಿನ ಹುಕ್ಕು, ಆಕ್ಸಲ್, ಬೇರಿಂಗುಗಳನ್ನೂ ಬಿಡಬೇಡಿರಿ.

ಕಾಗದಪತ್ರ

ಚಾಸಿ ನಂಬರು, ಎಂಜಿನ್ ನಂಬರುಗಳನ್ನು ಆರ್.ಸಿ.ಯೊಂದಿಗೆ ಅಕ್ಷರ ಅಕ್ಷರ ತಾಳೆ ನೋಡಿರಿ. ಟ್ರೇಲರಿನ ಆರ್.ಸಿ. ಬೇರೆ ಇರುತ್ತದೆ, ಅದನ್ನೂ ಕೇಳಿರಿ. ಆರ್.ಸಿ.ಯಲ್ಲಿ ಬ್ಯಾಂಕಿನ ಹೆಸರಿದ್ದರೆ ಗಾಡಿ ಸಾಲಕ್ಕೆ ಒತ್ತೆ ಇದೆ. ಸಾಲ ತೀರಿದ ಪತ್ರವೂ ಬ್ಯಾಂಕು ಸಹಿ ಮಾಡಿದ 35ನೇ ನಮೂನೆಯೂ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿರಿ.

ನಾವು ಗಡಿಯ ಜನ. ಬೀದರ ಕಡೆಯ ಕೆ.ಎ. 38 ಗಾಡಿಗಳು ನಮ್ಮಲ್ಲಿಗೆ ಬರುವುದುಂಟು. ಅಂಥ ಗಾಡಿಗೆ ಅಲ್ಲಿಯ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ 28ನೇ ನಮೂನೆ, ಬೇಕು. ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿಯೇ ಇಟ್ಟುಕೊಂಡರೆ ಮಹಾರಾಷ್ಟ್ರದ ನಂಬರು ಪಡೆಯಲೇಬೇಕು.

1988ರ ಮೋಟಾರು ವಾಹನ ಕಾಯಿದೆಯಂತೆ ಕೊಂಡವನು 30 ದಿನಗಳೊಳಗೆ ವರ್ಗಾವಣೆಯನ್ನು ಸಾರಿಗೆ ಕಚೇರಿಗೆ ತಿಳಿಸಬೇಕು. ವಿಮೆ ಕಂಪನಿಗೆ 14 ದಿನಗಳೊಳಗೆ ಅರ್ಜಿ ಕೊಡಬೇಕು. ಮಾರಿದವನ ಪಾಲಿಸಿಯಲ್ಲಿ ಮೂರನೆಯವರ ನಷ್ಟದ ವಿಮೆ ಗಾಡಿಯೊಂದಿಗೆ ಬರುತ್ತದೆ. ಆದರೆ ನಿಮ್ಮ ಗಾಡಿಯ ಸ್ವಂತ ಹಾನಿಯ ವಿಮೆ, ಕಂಪನಿ ಒಪ್ಪಿ ನಿಮ್ಮ ಹೆಸರಿಗೆ ಮಾಡುವವರೆಗೆ, ನಿಮಗೆ ಸಿಗದು. ಇತರರ ಕಬ್ಬನ್ನು ಬಾಡಿಗೆಗೆ ಸಾಗಿಸುವುದಾದರೆ ಅದಕ್ಕೆ ಪಾಲಿಸಿ ನಡೆಯುತ್ತದೆಯೇ ಎಂದೂ ಕೇಳಿಕೊಳ್ಳಿರಿ.

ಮಾರುವವರಿಗೂ ಒಂದು ಮಾತು. ನವೀನ ಕುಮಾರ ವಿರುದ್ಧ ವಿಜಯ ಕುಮಾರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿತು. ಆ ವಾಹನ ಕೈಯಿಂದ ಕೈಗೆ ಮಾರಾಟವಾಗಿತ್ತು, ಹೆಸರು ಮಾತ್ರ ಬದಲಾಗಿರಲಿಲ್ಲ. ಅಪಘಾತದ ಪರಿಹಾರದ ಹೊಣೆ ದಫ್ತರದಲ್ಲಿ ಹೆಸರಿದ್ದವನ ಮೇಲೆಯೇ ಬಂತು. “ಮಾರಿದ್ದೇನೆ, ಮುಗಿಯಿತು” ಎಂದು ಕೂಡಬೇಡಿರಿ.

ಕೊನೆಯ ಮಾತು

ಹಣ ಎಣಿಸುವ ಮುನ್ನ ಇಬ್ಬರು ಪಂಚರ ಎದುರಿಗೆ ನಾಲ್ಕು ಪ್ರಶ್ನೆ ಕೇಳಿರಿ: ಎಂಜಿನ್ ಬಿಚ್ಚಿದ್ದುಂಟೇ? ಅಪಘಾತ ಆದದ್ದುಂಟೇ? ಸಾಲ ಬಾಕಿ ಇದೆಯೇ? ನಿಮಗೆ ಗೊತ್ತಿರುವ ಬೇರೆ ದೋಷವೇನು? ಉತ್ತರಗಳನ್ನು ವಿಕ್ರಿ ಕಾಗದದಲ್ಲಿ ಬರೆಯಿಸಿ ಸಹಿ ಹಾಕಿಸಿರಿ. ಪ್ರಾಮಾಣಿಕನಾದ ಮಾರಾಟಗಾರ ಸಹಿಗೆ ಅಂಜುವುದಿಲ್ಲ. ಅಂಜಿದರೆ ಸಂಚಕಾರವನ್ನು ಜೇಬಿನಲ್ಲಿಟ್ಟುಕೊಂಡು ಊರಿಗೆ ಮರಳಿರಿ. ಗಾಡಿ ಇನ್ನೊಂದು ಸಿಗುತ್ತದೆ, ವರ್ಷದ ಬೆವರು ಸಿಗುವುದಿಲ್ಲ.

ಓದಲು ಬಾರದ ನೆರೆಹೊರೆಯ ಬಾಂಧವರಿಗೆ ಈ ಪಾಠವನ್ನು ಓದಿ ಹೇಳಬೇಕಾಗಿ ವಿನಂತಿ.