ಹಗೇವಿನ ಕಾವಲು

ಬಂಕಾಪುರವನ್ನೊಳಗೊಂಡ ಹಳೆಯ ಧಾರವಾಡ ಸೀಮೆಯ ರೈತರು ಸುಗ್ಗಿಯ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿಡುತ್ತಿದ್ದರು. ಒಳಗೆ ಕಾಳು ಕೆಟ್ಟರೂ ಕಳ್ಳನ ಪಾಲಾದರೂ ಮೇಲೆ ನಿಂತವನಿಗೆ ತಿಳಿಯುವಂತಿರಲಿಲ್ಲ. ಜೀವವಿಮೆಯ ನಿಧಿಯೂ ಇಂಥದೇ. ಪಾಲಿಸಿದಾರನು ಇಪ್ಪತ್ತು ಮೂವತ್ತು ವರ್ಷ ಕಂತು ಕಟ್ಟುತ್ತಾನೆ; ಕಂಪನಿಯ ಬೊಕ್ಕಸ ಬರಿದಾಗಿದ್ದರೆ ಅದು ಬೆಳಕಿಗೆ ಬರುವುದು ಅವನ ಹೆಂಡತಿ ಮಕ್ಕಳು ಹಣ ಕೇಳಲು ಹೋದಾಗ.

ಬಟ್ಟೆಯಂಗಡಿ ಮುಚ್ಚಿದರೆ ಗಿರಾಕಿಯು ಪಕ್ಕದ ಅಂಗಡಿಗೆ ಹೋಗಬಹುದು. ವಯಸ್ಸಾಗಿ ರೋಗ ಅಂಟಿದವನಿಗೆ ಹೊಸದಾಗಿ ವಿಮೆ ಕೊಡುವವರು ಯಾರು? ಆದುದರಿಂದ ಕಂಪನಿಯು ದಿವಾಳಿಯಾಗುವವರೆಗೆ ಸರಕಾರ ಕಾದು ಕುಳಿತರೆ ಪ್ರಯೋಜನವಿಲ್ಲ. 1938ರ ವಿಮಾ ಕಾಯಿದೆಗೆ 1950ರಲ್ಲಿ ತಿದ್ದುಪಡಿ ತಂದು, ಪಾಲಿಸಿದಾರರ ಹಿತಕ್ಕೆ ಧಕ್ಕೆ ತರುವ ಕಂಪನಿಗೆ ಆಡಳಿತಾಧಿಕಾರಿಯನ್ನು ನೇಮಿಸುವ ಅಧಿಕಾರವನ್ನು ಸರಕಾರಕ್ಕೆ ಕೊಡಲಾಯಿತು.

ಆದರೂ ಹಾನಿ ನಿಲ್ಲಲಿಲ್ಲ. 1956ಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ 25 ಜೀವವಿಮಾ ಕಂಪನಿಗಳು ಮುಚ್ಚಿಹೋದವು. ಇನ್ನೂ 25 ಕಂಪನಿಗಳ ವ್ಯವಹಾರವನ್ನು ಪಾಲಿಸಿದಾರರಿಗೆ ನಷ್ಟವಾಗುವಂತೆ ಬೇರೆಯವುಗಳಿಗೆ ವರ್ಗಾಯಿಸಬೇಕಾಯಿತು. ಭಾರತ್ ಇನ್ಶೂರೆನ್ಸ್ ಕಂಪನಿಯ ಎರಡು ಕೋಟಿ ರೂಪಾಯಿಗೂ ಮಿಕ್ಕ ಹಣ ದುರುಪಯೋಗವಾಗಿತ್ತು. ಅದರ ಅಧ್ಯಕ್ಷರಾಗಿದ್ದ ರಾಮಕೃಷ್ಣ ದಾಲ್ಮಿಯಾ ಅವರು ಅಪರಾಧಿಯೆಂಬ ತೀರ್ಪನ್ನು 1962ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಇಂಥ ಅವ್ಯವಹಾರಗಳನ್ನು ಫಿರೋಜ್ ಗಾಂಧಿಯವರು 1955ರ ಡಿಸೆಂಬರಿನಲ್ಲೇ ಲೋಕಸಭೆಯಲ್ಲಿ ಬಯಲಿಗೆಳೆದಿದ್ದರು.

ಮರುತಿಂಗಳು, 1956ರ ಜನವರಿ 19ರಂದು, ಸುಗ್ರೀವಾಜ್ಞೆ ಹೊರಟಿತು. ಹಣಕಾಸು ಸಚಿವ ಚಿಂತಾಮಣಿ ದೇಶಮುಖರು ರಾತ್ರಿ ಆಕಾಶವಾಣಿಯಲ್ಲಿ ಅದನ್ನು ಸಾರಿದರು. ಗುಟ್ಟು ಮೊದಲೇ ಹೊರಬಿದ್ದಿದ್ದರೆ ನಿಧಿಗಳು ರಾತ್ರೋರಾತ್ರಿ ಕರಗಿಹೋಗುವ ಭಯವಿತ್ತು. ಸರಕಾರ ನೇಮಿಸಿದ ಪಾಲಕರು ಕಚೇರಿಗಳನ್ನು ವಶಕ್ಕೆ ತೆಗೆದುಕೊಂಡರು. 154 ಭಾರತೀಯ ಕಂಪನಿಗಳು, 16 ವಿದೇಶೀ ಕಂಪನಿಗಳು, 75 ಭವಿಷ್ಯನಿಧಿ ಸಂಘಗಳು ಹೀಗೆ ಒಂದಾಗಿ, ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮ ಜನ್ಮತಾಳಿತು. ಪ್ರಾಮಾಣಿಕವಾಗಿ ನಡೆದ ಕಂಪನಿಗಳೂ ಕೆಟ್ಟವುಗಳೊಡನೆ ಕೈಬದಲಾದವೆಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆಗ ಬಂಕಾಪುರವು ಮುಂಬಯಿ ರಾಜ್ಯದಲ್ಲಿದ್ದಿತು. ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಒಂದೇ ವರ್ಷದಲ್ಲಿ ಅಲ್ಲಿಯ ಪಾಲಿಸಿದಾರರಿಗೆ ಕಂಪನಿಯೂ ರಾಜ್ಯವೂ ಬದಲಾದವು.

1999ರ ಕಾಯಿದೆಯ ತರುವಾಯ ಖಾಸಗಿ ಕಂಪನಿಗಳು ಮತ್ತೆ ಬಂದವು. ಅವುಗಳ ಮೇಲ್ವಿಚಾರಣೆಗೆ ವಿಮಾ ನಿಯಂತ್ರಣ ಪ್ರಾಧಿಕಾರವು ಸ್ಥಾಪಿತವಾಯಿತು. 1950ರ ಆ ಹಳೆಯ ಅಸ್ತ್ರವನ್ನೇ ಪ್ರಾಧಿಕಾರವು 2017ರ ಜೂನ್ ತಿಂಗಳಲ್ಲಿ ಸಹಾರಾ ಲೈಫ್ ಕಂಪನಿಯ ಮೇಲೆ ಪ್ರಯೋಗಿಸಿ ಆಡಳಿತಾಧಿಕಾರಿಯನ್ನು ನೇಮಿಸಿತು. 2023ರ ಜೂನ್‌ನಲ್ಲಿ ಅದರ ಸುಮಾರು ಎರಡು ಲಕ್ಷ ಪಾಲಿಸಿಗಳನ್ನು ಎಸ್‌ಬಿಐ ಲೈಫ್ ಕಂಪನಿಗೆ ವಹಿಸುವಂತೆ ಆಜ್ಞಾಪಿಸಿತು. ಸಹಾರಾ ಲೈಫ್ ಮೇಲ್ಮನವಿ ನ್ಯಾಯಮಂಡಳಿಯ ಮೊರೆಹೊಕ್ಕಿತು. ಅದೇ ತಿಂಗಳು ಆ ಆಜ್ಞೆಗೆ ತಡೆ ಬಿದ್ದಿತು.