ಹಾಸಿಗೆ ಹಿಡಿದವರ ಶುಶ್ರೂಷೆ: ಯಾರ ಪಾಲಿಗೆ ಯಾವ ಕೆಲಸ?

ಮನೆಯ ಹಿರಿಯರೊಬ್ಬರು ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರೆ ನೆಂಟರೂ ನೆರೆಹೊರೆಯವರೂ ಕೂಡಿಬಂದು, ಒಬ್ಬೊಬ್ಬರು ಒಂದೊಂದು ಬುದ್ಧಿಯನ್ನು ಹೇಳಿ ಹೋಗುವರು. ಎಂಟು ದಿವಸ ಕಳೆದ ಮೇಲೆ ನೋಡಿದರೆ ಹಾಸಿಗೆಯ ಬಳಿಯಲ್ಲಿ ಸೊಸೆಯೊಬ್ಬಳೇ ಉಳಿದಿರುವಳು. ಆದದರಿಂದ ಇಂಥವರಿಗೆ ಇಂಥ ಕೆಲಸವೆಂಬದನ್ನು ಈ ಪಾಠದಲ್ಲಿ ವಿಚಾರಿಸೋಣ.

ಹೊಣೆ ಹೊತ್ತವನು ಬೇರೆ, ಕೈಯಾರೆ ಶುಶ್ರೂಷೆ ಮಾಡುವವರು ಬೇರೆ. ಔಷಧದ ಹಣ, ಆಸ್ಪತ್ರೆಗೆ ಹೋಗುವ ಗಾಡಿ, ವೈದ್ಯರ ಸಂಗಡ ಮಾತು, ಇವು ಹೊಣೆಗಾರನ ಪಾಲು. ಫ್ಲಾರೆನ್ಸ್ ನೈಟಿಂಗೇಲಮ್ಮನವರು 1859ರಲ್ಲಿ ಶುಶ್ರೂಷೆಯ ವಿಷಯವಾಗಿ ಒಂದು ಚಿಕ್ಕ ಪುಸ್ತಕವನ್ನು ಬರೆದರು. ಅದು ದಾದಿಯರಿಗಿಂತಲೂ ಹೆಚ್ಚಾಗಿ ಮನೆಯ ಹೆಂಗಸರಿಗೋಸ್ಕರವೇ ಬರೆದದ್ದು. ನಾವು ಹತ್ತಿರವಿದ್ದಾಗ ನಡೆಯುವ ಕೆಲಸವು ನಾವಿಲ್ಲದಾಗಲೂ ನಡೆಯುವಂತೆ ಏರ್ಪಡಿಸುವದೇ ಹೊಣೆಯೆಂಬದು ಅದರಲ್ಲಿನ ಮುಖ್ಯ ಬೋಧನೆಗಳಲ್ಲೊಂದು. ನಾವು ಕಂಡ ಒಂದು ಮನೆಯಲ್ಲಿ ಇಬ್ಬರು ಮಕ್ಕಳು ತಂದೆಯನ್ನು ಬಹು ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ಆದರೂ ರಕ್ತದೊತ್ತಡದ ಗುಳಿಗೆಯು ಒಂದು ದಿವಸ ಎರಡಾವರ್ತಿ ಹೊಟ್ಟೆಗೆ ಹೋಯಿತು, ಮರುದಿವಸ ಒಂದೂ ಇಲ್ಲ. ಅಣ್ಣನು ಕೊಟ್ಟನೆಂದು ತಮ್ಮನೂ, ತಮ್ಮನು ಕೊಟ್ಟನೆಂದು ಅಣ್ಣನೂ ನೆನಸಿದ್ದರು! ಕಡೆಗೆ ಮೊಮ್ಮಗಳು ತನ್ನ ಸ್ಲೇಟನ್ನು ಗೋಡೆಗೆ ತೂಗಹಾಕಿ, ಗುಳಿಗೆ ಕೊಟ್ಟವರು ಗೆರೆ ಎಳೆಯತಕ್ಕದ್ದೆಂದು ಅಪ್ಪಣೆ ಮಾಡಿದಳು.

ಹಾಸಿಗೆಯ ಬಳಿಯಲ್ಲಿರುವವರ ಕೆಲಸವು ಇದಕ್ಕಿಂತ ಸೂಕ್ಷ್ಮವಾದದ್ದು. ತಾನಾಗಿ ಹೊರಳಲಾರದವರನ್ನು ಹಗಲಿರುಳೂ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಬೇಕು. ಯಾಕಂದರೆ ಒಂದೇ ಕಡೆಯಲ್ಲಿ ಭಾರ ಬಿದ್ದರೆ ಅಲ್ಲಿ ರಕ್ತವು ಹರಿಯದೆ ಚರ್ಮವು ಸಾಯುವದು. ಟೊಂಕದ ಕೆಳಗೂ ಹಿಮ್ಮಡಿಯಲ್ಲಿಯೂ ಸೊಂಟದ ಎಲುಬಿನ ಮೇಲೂ ದಿನಾಲು ನೋಡಿರಿ. ಕೆಂಪು ಕಲೆಯು ಬೆರಳಿನಿಂದ ಒತ್ತಿದರೂ ಮಾಸದಿದ್ದರೆ ಹುಣ್ಣು ಆರಂಭವಾಗಿದೆಯೆಂದು ತಿಳಿಯಿರಿ. ಎಣ್ಣೆ ಹಾಕಿ ಬಲವಾಗಿ ತಿಕ್ಕುವದು ನಮ್ಮವರ ವಾಡಿಕೆ. ಅದರಿಂದ ಕೇಡೇ ಹೆಚ್ಚುವದು. ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ, ವೈದ್ಯರಿಗೆ ತಿಳಿಸಬೇಕು.

ಊಟದಲ್ಲಿ ಇನ್ನೂ ಎಚ್ಚರ ಬೇಕು. ಮಲಗಿದವರ ಬಾಯಿಗೆ ಗಂಜಿ ಹೊಯ್ಯಲೇಬಾರದು, ಅದು ಶ್ವಾಸಕೋಶಕ್ಕೆ ಇಳಿದೀತು. ನೆಟ್ಟಗೆ ಕೂಡ್ರಿಸಿ, ಬಾಯಿಯ ಶಕ್ತಿಯುಳ್ಳ ಪಕ್ಕಕ್ಕೆ ಚಿಕ್ಕ ತುತ್ತನ್ನಿಟ್ಟು, ನುಂಗಿದ ಮೇಲೆ ಇನ್ನೊಂದು ಕೊಡಿರಿ. ಕೆಮ್ಮು ಬಂದರೆ ನಿಲ್ಲಿಸಿರಿ. ಉಂಡ ಮೇಲೆ ಅರ್ಧ ಗಂಟೆ ಕೂತಿರಲಿ. ಅವರ ಕೈಗೆ ತುತ್ತೆತ್ತುವಷ್ಟು ಶಕ್ತಿಯಿದ್ದರೆ, ಚೆಲ್ಲಿದರೂ ಚಿಂತೆಯಿಲ್ಲ, ಅವರೇ ಎತ್ತಲಿ.

2005ರಿಂದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಇದ್ದಾರೆ. ಆಕೆಯು ಆಸ್ಪತ್ರೆಗೂ ಮನೆಗೂ ಕೊಂಡಿಯಾಗಿರುವವಳೇ ಹೊರತು ನಮ್ಮ ಮನೆಯ ಸೇವಕಿಯಲ್ಲ.

ನಮ್ಮಿಂದಾಗದು ಎನ್ನುವ ಮಕ್ಕಳ ವಿಷಯವಾಗಿಯೂ ಒಂದು ಮಾತುಂಟು. 2007ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯ ಪ್ರಕಾರ, ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ತಂದೆತಾಯಿಗಳು ಮಕ್ಕಳಿಂದ ಜೀವನಾಂಶ ಕೇಳಬಹುದು. ಗಂಡುಮಕ್ಕಳಷ್ಟೇ ಅಲ್ಲ, ಹೆಣ್ಣುಮಕ್ಕಳೂ ಇದಕ್ಕೆ ಬದ್ಧರು. ಮಕ್ಕಳಿಲ್ಲದ ಮುದುಕರ ಆಸ್ತಿಯನ್ನು ಅನುಭವಿಸುವ ನೆಂಟನೂ ಬದ್ಧನೇ. ನೋಡಿಕೊಳ್ಳುವೆನೆಂಬ ಷರತ್ತಿನ ಮೇಲೆ ಹೊಲವನ್ನು ಬರೆಯಿಸಿಕೊಂಡು ಕೈಬಿಟ್ಟವನ ಪತ್ರವನ್ನು ನ್ಯಾಯಮಂಡಳಿಯು ರದ್ದುಮಾಡಬಹುದು. ಆದದರಿಂದ ದಾನಪತ್ರ ಬರೆಯುವ ಹಿರಿಯರು ಆ ಷರತ್ತನ್ನು ಪತ್ರದಲ್ಲಿಯೇ ಬರೆಯಿಸಲಿ.

ಕಡೆಗೆ ಆ ಸೊಸೆಯ ಮಾತು. ರಾತ್ರಿಯಲ್ಲಿ ನಾಲ್ಕಾರು ಸಾರಿ ಏಳುವವಳು ಎಷ್ಟು ತಿಂಗಳು ತಾಳ್ಯಾಳು? ಅವಳು ಸಿಡುಕಿದರೆ ನಾವು ಅವಳನ್ನು ದೂರುವೆವು, ಅವಳ ನಿದ್ರೆಯನ್ನು ಲೆಕ್ಕಿಸೆವು. ಮೇಲೆ ಹೇಳಿದ ಮನೆಯಲ್ಲಿ ಗುಳಿಗೆಯ ಗೆರೆಗಳ ಕೆಳಗೆ ಈಗ ಇನ್ನೊಂದು ಸಾಲುಂಟು: ಯಾವ ರಾತ್ರಿ ಯಾರ ಸರದಿ ಎಂಬದು. ಮಂಗಳವಾರವೂ ಶುಕ್ರವಾರವೂ ಹಿರೀಮಗನ ಹೆಸರು ಅದರಲ್ಲಿದೆ, ಆ ಎರಡು ರಾತ್ರಿ ಸೊಸೆಯು ಒಳಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ಮಲಗುವಳು.