ಊರಿನ ಫೋನು ನಿನಗೇ ಬರುತ್ತದೆ, ತಂಗಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯಿಂದ ಮೆಡಿಕಲ್ ಓದಲು ಹೋದ ಮಕ್ಕಳಿಗೆ ಪದವಿ ಕೈಗೆ ಬರುವ ಮೊದಲೇ ಊರು ಡಾಕ್ಟರ್ ಪಟ್ಟ ಕಟ್ಟಿಬಿಡುತ್ತದೆ. ನಿನಗೂ ಕಟ್ಟಿದೆ. ಟಿವಿಯಲ್ಲಿ ಯಾವುದೋ ಹೊಸ ರೋಗದ ಹೆಸರು ಬಂದ ದಿನ ಸಂಜೆಯೊಳಗೆ ನಿನಗೆ ಫೋನು ಶುರು. "ತಂಗೀ, ಇದು ನಮ್ಮ ಕಡೀನೂ ಬರ್ತದೇನ? ಏನ ತಿನ್ನಬೇಕು, ಏನ ಬಿಡಬೇಕು?" ಆ ಫೋನಿಗೆ ಏನು ಹೇಳುತ್ತೀ ಎಂಬುದರ ಬಗ್ಗೆ ಈ ಕಾಕಾನದೊಂದು ಮಾತು.

ಹೊಸ ರೋಗ ಬಂದಾಗಲೆಲ್ಲ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ಕೈಗೆ ಪ್ರಶ್ನಾವಳಿ ಕೊಡುತ್ತಾರೆ. ಮೊದಲ ಭಾಗ ತಿಳಿವಳಿಕೆಯದು: ರೋಗ ಹೇಗೆ ಹರಡುತ್ತದೆ, ಎಷ್ಟು ದಿನಕ್ಕೆ ಲಕ್ಷಣ ಕಾಣುತ್ತದೆ. ಎರಡನೆಯದು ಮನೋಭಾವದ್ದು: ಇಂಥ ರೋಗಿಯನ್ನು ನೋಡಿಕೊಳ್ಳುತ್ತೀರಾ, ನಿಮ್ಮ ಮನೆಯವರಿಗೇ ಬಂದರೆ ಮುಚ್ಚಿಡುತ್ತೀರಾ. ಮೊದಲನೆಯದರಲ್ಲಿ ನೀನು ಚೆನ್ನಾಗಿ ಅಂಕ ತೆಗೆಯುತ್ತೀ, ಅನುಮಾನವಿಲ್ಲ. ಎರಡನೆಯದರಲ್ಲಿ ಎಲ್ಲರೂ ತೆಗೆಯುತ್ತಾರೆ. ಕಾಗದದ ಮೇಲೆ ರೋಗಿಯನ್ನು ಮುಟ್ಟಲು ಯಾರಿಗೂ ಭಯವಿಲ್ಲ ನೋಡು.

ಆದರೆ ಮೊದಲ ಭಾಗದ ಉತ್ತರಗಳು ಬಹಳ ಬೇಗ ಹಳಸುತ್ತವೆ. 2020ರ ಮಾರ್ಚಿನಲ್ಲಿ ಕೋವಿಡ್ ತಡೆಗೆ ಆರೋಗ್ಯ ಸಿಬ್ಬಂದಿ ಹೈಡ್ರಾಕ್ಸಿಕ್ಲೋರೊಕ್ವಿನ್ ನುಂಗಲಿ ಎಂದು ಐಸಿಎಂಆರ್ ಸಲಹೆ ಕೊಟ್ಟಿತ್ತು. ಆ ಮಾತು ಮುಂದೆ ನಿಲ್ಲಲಿಲ್ಲ. ಪ್ಲಾಸ್ಮಾ ದಾನಿಗಳಿಗಾಗಿ ಜನ ರಾತ್ರಿಯೆಲ್ಲ ಫೋನು ಹಿಡಿದು ಕೂತರು. 2021ರ ಮೇ ತಿಂಗಳಲ್ಲಿ ಆ ಪ್ಲಾಸ್ಮಾವನ್ನು ಕೋವಿಡ್ ಚಿಕಿತ್ಸೆಯ ಮಾರ್ಗಸೂಚಿಯಿಂದಲೇ ತೆಗೆದರು. ಮಾಸ್ಕ್ ಆರೋಗ್ಯವಂತರಿಗೆ ಬೇಡ ಎಂದವರೇ ಕೆಲವು ವಾರಗಳಲ್ಲಿ ಎಲ್ಲರಿಗೂ ಬೇಕು ಎಂದರು. ಗೊತ್ತಾದ ಹಾಗೆ ತಿದ್ದಿಕೊಂಡರು, ಅದು ಸರಿಯೇ. ಆದರೆ "ಇದೇ ಖರೆ" ಎಂದು ಗಟ್ಟಿಯಾಗಿ ಹೇಳಿದವನ ಮಾತು ತಿಂಗಳಿಗೇ ತಿರುಗಿದರೆ ಊರಿನವರು ಮುಂದೆ ಅವನು ಲಸಿಕೆ ಹಾಕಿಸಿಕೊಳ್ಳಿ ಎಂದರೂ ಕೇಳುವುದಿಲ್ಲ. ಅದಕ್ಕೇ ಹೇಳುತ್ತೇನೆ, ಫೋನಿನಲ್ಲಿ "ಇವತ್ತಿಗೆ ಗೊತ್ತಿರೋದು ಇಷ್ಟು, ಉಳಿದದ್ದು ಇನ್ನೂ ಯಾರಿಗೂ ಗೊತ್ತಿಲ್ಲ" ಅನ್ನಲು ನಾಚಬೇಡ.

ನಿನ್ನಂಥ ವಿದ್ಯಾರ್ಥಿನಿಯೊಬ್ಬಳ ಕತೆ ಹೇಳುತ್ತೇನೆ. 1985ರ ಕೊನೆಗೆ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಸ್ನಾತಕೋತ್ತರ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಪ್ರಬಂಧದ ವಿಷಯ ಬೇಕಿತ್ತು. ಏಡ್ಸ್ ಪರೀಕ್ಷೆ ಮಾಡಿ ನೋಡು ಎಂದವರು ಪ್ರಾಧ್ಯಾಪಕಿ ಸುನೀತಿ ಸಾಲೊಮನ್. ಅದು ಪರದೇಶದ ರೋಗ, ನಮ್ಮಲ್ಲೆಲ್ಲಿಂದ ಬರಬೇಕು ಎಂಬ ಕಾಲ. ನಿರ್ಮಲಾ ರಿಮ್ಯಾಂಡ್ ಹೋಮಿನ ಹೆಣ್ಣುಮಕ್ಕಳ ರಕ್ತ ತೆಗೆದರು, ಕೈಗವಸೂ ಇರಲಿಲ್ಲ. ಮಾದರಿಗಳನ್ನು ಮನೆಯ ಫ್ರಿಜ್ಜಿನಲ್ಲೇ ಇಟ್ಟರು. 1986ರ ಫೆಬ್ರುವರಿಯಲ್ಲಿ ಗಂಡನ ಜೊತೆ ರಾತ್ರಿ ರೈಲು ಹತ್ತಿ ವೆಲ್ಲೂರಿನ ಸಿಎಂಸಿಗೆ ಒಯ್ದರು. ಪರೀಕ್ಷೆಯಲ್ಲಿ ಆರು ಮಾದರಿಗಳು ಹಳದಿಗೆ ತಿರುಗಿದವು, ಅಂದರೆ ಸೋಂಕಿತ್ತು. ಭಾರತದಲ್ಲಿ ಎಚ್‌ಐವಿ ಇದೆ ಎಂದು ಗೊತ್ತಾದದ್ದು ಹಾಗೆ, ಒಬ್ಬ ವಿದ್ಯಾರ್ಥಿನಿಯಿಂದ.

ಈ ಕತೆಗೆ ಇನ್ನೊಂದು ಮಗ್ಗುಲಿದೆ. ಯಾವ ರೋಗದ ಪರೀಕ್ಷೆ ಎಂದು ಆ ಹೆಣ್ಣುಮಕ್ಕಳಿಗೆ ತಿಳಿಸಿರಲಿಲ್ಲ ಎಂದು ನಿರ್ಮಲಾ ಅವರೇ ಮುಂದೆ ಹೇಳಿದ್ದಾರೆ. ಈಗ 2017ರ ಎಚ್‌ಐವಿ ಕಾಯ್ದೆ ಇದೆ: ಹೇಳಿ, ಒಪ್ಪಿಗೆ ಪಡೆದು, ಗುಟ್ಟು ಕಾಯಬೇಕು. ಕಾಯ್ದೆಯ ಮಾತು ಪರೀಕ್ಷೆಗೆ ಓದಿಕೋ. ಆದರೆ ನಮ್ಮ ನೆಲದ ಮಾತನ್ನೂ ತಿಳಿ. ದೇಶದಲ್ಲೇ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳಲ್ಲಿ ಬೆಳಗಾವಿ, ಬಾಗಲಕೋಟೆ ಎಣಿಕೆಯಾಗಿದ್ದವು. ದೇವದಾಸಿಯಾಗಿ ಬಿಡಲ್ಪಟ್ಟ ಹೆಣ್ಣುಮಕ್ಕಳು, ಮುಂಬೈ–ಪುಣೆಗೆ ದುಡಿಯಲು ಹೋಗಿ ಬಂದವರು ಎಲ್ಲರ ಬೆರಳಿಗೂ ಗುರಿಯಾದರು. ನೋವಿನ ಸಂಗತಿ ಎಂದರೆ ಅವುಗಳಲ್ಲಿ ಬಿಳಿ ಕೋಟಿನವರ ಬೆರಳುಗಳೂ ಇದ್ದವು. ಹಾಗೆ ಅನಿಸಿಕೊಂಡವಳು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಾಳೆಯೇ? ಏಳು ವರ್ಷಕ್ಕೇ ದೇವದಾಸಿಯಾಗಿ ಬಿಡಲ್ಪಟ್ಟ ಸೀತವ್ವ ಜೋಡಟ್ಟಿ ಮತ್ತು ಅವರಂಥವರು ತಾವೇ ಸಂಘಟನೆ ಕಟ್ಟಿಕೊಂಡು ಈ ಹೆಣ್ಣುಮಕ್ಕಳ ಜೊತೆ ನಿಂತರು. 2018ರಲ್ಲಿ ಸೀತವ್ವನಿಗೆ ಪದ್ಮಶ್ರೀ ಬಂತು. ಅವರು ಪ್ರಶ್ನಾವಳಿ ತುಂಬಿದವರಲ್ಲ.

ಇನ್ನು ಭಯ. ಭಯಪಡಬೇಡ ಎಂದು ನಾನು ಹೇಳುವುದಿಲ್ಲ. ಮುಂಜಾಗ್ರತೆ ಇಲ್ಲದೆ ವಾರ್ಡಿಗೆ ನುಗ್ಗುವ ಧೈರ್ಯ ನಿನಗೂ ಬೇಡ, ರೋಗಿಗೂ ಬೇಡ. ಪಿಪಿಇ ಕೇಳುವುದು ಹೇಡಿತನವೂ ಅಲ್ಲ. ಭಯ ನಿನಗಷ್ಟೇ ಇರುವುದಿಲ್ಲ ಎಂಬುದು ಮಾತ್ರ ನೆನಪಿರಲಿ. 2020ರ ಜುಲೈನಲ್ಲಿ ಬೆಳಗಾವಿಯ ಬಿಮ್ಸ್ ಆಸ್ಪತ್ರೆಯಲ್ಲಿ ಕೋವಿಡ್ ರೋಗಿಯೊಬ್ಬರು ತೀರಿಕೊಂಡಾಗ ಸಿಟ್ಟಿಗೆದ್ದವರು ಕಲ್ಲು ತೂರಿ ಆಂಬುಲೆನ್ಸ್‌ಗೆ ಬೆಂಕಿ ಹಚ್ಚಿದರು. ಅದು ತಪ್ಪು, ಎರಡು ಮಾತಿಲ್ಲ. ಆದರೆ ಆ ದಿನಗಳಲ್ಲಿ ಯಾವ ಊರಿನ ಕೋವಿಡ್ ವಾರ್ಡೇ ಆಗಲಿ, ಒಳಗೆ ಹೋದ ಅಪ್ಪನ ಮುಖ ಹೊರಗಿದ್ದ ಮಗನಿಗೆ ಕಾಣುತ್ತಿರಲಿಲ್ಲ. ಒಳಗಿನ ಸುದ್ದಿ ಹೊರಗೆ ತಂದು ಹೇಳುವವರು ಬೇಕು. 2021ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಇಂಟರ್ನ್‌ಗಳನ್ನೂ ಕೊನೆಯ ವರ್ಷದ ವಿದ್ಯಾರ್ಥಿಗಳನ್ನೂ ಕೋವಿಡ್ ಕೆಲಸಕ್ಕೆ ಹಚ್ಚಬಹುದು ಎಂದಿತು. ಮುಂದಿನ ಸಲ ಆ ಬಾಗಿಲಲ್ಲಿ ನಿಂತು ಹೇಳುವವಳು ನೀನೇ ಇರಬಹುದು.

ಏಟ್‌ಕಾಮ್ ಅಂದರೆ ಮನೋಭಾವ, ನೀತಿ, ಸಂವಹನದ ತಾಸಿನಲ್ಲಿ ರೋಗಿಯ ಜೊತೆ, ಮನೆಯವರ ಜೊತೆ ಹೀಗೆ ಮಾತಾಡುವುದನ್ನೇ ಕಲಿಸಬೇಕೆಂದು 2019ರ ಪಠ್ಯಕ್ರಮದಲ್ಲೇ ಸೇರಿಸಿದರು. ಲಾಗ್‌ಬುಕ್ ತುಂಬಿದರೆ ಸಾಕು ಅನ್ನುವ ಸೀನಿಯರ್‌ಗಳೂ ನಿನ್ನ ಹಾಸ್ಟೆಲಿನಲ್ಲಿದ್ದಾರು. ಅವರ ಮಾತು ಬಿಡು. ದೀಪಾವಳಿ ರಜೆಗೆ ಬಂದಾಗ ಊರಿನ ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ ಕೂಡು. 2020ರಲ್ಲಿ ಮಹಾರಾಷ್ಟ್ರದಿಂದ ಯಾರು ಬಂದರು, ಯಾರಿಗೆ ಜ್ವರ ಎಂದು ಮನೆಮನೆ ತಿರುಗಿ ಬರೆದುಕೊಂಡವಳು ಆಕೆ. ಯಾರು ಬಾಗಿಲು ಹಾಕಿಕೊಂಡರು, ಯಾರು ತೆಗೆದರು, ಯಾವ ಮಾತಿಗೆ ತೆಗೆದರು ಎಂದು ಕೇಳು. ಚಹಾ ಕುಡಿಯದೆ ಏಳಬೇಡ, ನೋಟ್‌ಬುಕ್ ಮರೆಯಬೇಡ.